ನಿಂದೆಯೇ ಸನ್ಮಾನವಾದಾಗ

ಸ್ತುತಿನಿಂದೆಗಳನ್ನು ಸಮನಾಗಿ ಕಾಣಬೇಕೆಂದು ಅನುಭಾವಿಗಳು ಹೇಳುತ್ತ ಬಂದಿದ್ದಾರೆ. ಹಾಗೆ ಕಾಣುವುದು ಸಾಧಕನ ಮನಸ್ಸಿನ ಸಿದ್ಧಿಯೇ ಹೊರತು, ಸ್ತುತಿಯೂ ನಿಂದೆಯೂ ಒಂದೇ ಎಂದು ಅದರ ಅರ್ಥವಲ್ಲ. ಲೋಕವ್ಯವಹಾರದಲ್ಲಿ ಅವೆರಡೂ ಬೇರೆಯೇ. ಒಬ್ಬರನ್ನು ಗೌರವಿಸಬೇಕಾದಾಗ ನಾವು ಅವರನ್ನು ವೇದಿಕೆಯ ಮೇಲೆ ಕುಳ್ಳಿರಿಸಿ, ಶಾಲು ಹೊದಿಸಿ, ಫಲಪುಷ್ಪಗಳನ್ನಿತ್ತು, ಅವರಲ್ಲಿರುವ ಗುಣಗಳನ್ನೂ ಕೆಲವೊಮ್ಮೆ ಇಲ್ಲದ ಗುಣಗಳನ್ನೂ ವರ್ಣಿಸುತ್ತೇವೆ. ಅಮೆರಿಕ ದೇಶದಲ್ಲಿ ಇದಕ್ಕೆ ತೀರ ವಿರುದ್ಧವಾದ ಒಂದು ಸನ್ಮಾನಪದ್ಧತಿಯಿದೆ. ಖ್ಯಾತನಾಮರೊಬ್ಬರನ್ನು ಗೌರವದ ಆಸನದಲ್ಲಿ ಕುಳ್ಳಿರಿಸಿ, ಬಂದ ಅತಿಥಿಗಳು ಒಬ್ಬರಾದ ಮೇಲೊಬ್ಬರು ಎದ್ದುನಿಂತು ಅವರ ರೂಪ, ವಯಸ್ಸು, ದಾಂಪತ್ಯ, ಸೋಲು, ದೌರ್ಬಲ್ಯ ಇವುಗಳನ್ನೆಲ್ಲ ತುಂಬಿದ ಸಭೆಯಲ್ಲಿ ಹೀಯಾಳಿಸುತ್ತಾರೆ. ಗೌರವಕ್ಕೆ ಪಾತ್ರರಾದವರು ಎಲ್ಲರಿಗಿಂತ ಹೆಚ್ಚಾಗಿ ನಗಬೇಕು. ಇದಕ್ಕೆ ‘ರೋಸ್ಟ್’ ಎಂದು ಹೆಸರು, ಹುರಿಯುವುದು ಎಂದರ್ಥ. ಇದು ಪ್ರೀತಿಯ ಒಂದು ರೂಪವೋ, ಹಿಂಸೆಯ ಒಂದು ರೂಪವೋ ಎಂಬುದು ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಮೊದಲು ಈ ಪದ್ಧತಿಯ ಹಿನ್ನೆಲೆಯನ್ನು ತಿಳಿಯುವುದು ಉಚಿತ. ನ್ಯೂಯಾರ್ಕ್ ನಗರದಲ್ಲಿ 1904ರಲ್ಲಿ ಸ್ಥಾಪಿತವಾದ ಫ್ರಯರ್ಸ್ ಕ್ಲಬ್ ಎಂಬ ಸಂಘದಲ್ಲಿ, ಸುಮಾರು 1950ರ ಹೊತ್ತಿಗೆ, ರಂಗಕಲಾವಿದರೂ ಹಾಸ್ಯಗಾರರೂ ತಮ್ಮ ಗೆಳೆಯರನ್ನು ಹೀಗೆ ಹುರಿಯುವ ಭೋಜನಕೂಟಗಳನ್ನು ನಡೆಸತೊಡಗಿದರು. ತಾವು ಪ್ರೀತಿಸುವವರನ್ನು ಮಾತ್ರ ಹುರಿಯುತ್ತೇವೆಂಬುದು ಅವರ ಘೋಷವಾಕ್ಯವಾಗಿತ್ತು. ಮಾತುಗಳು ಅಶ್ಲೀಲವಾಗಿದ್ದರೂ ಕೂಟವು ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತಿತ್ತು. ಆಡುವವರೂ ಕೇಳುವವರೂ ಒಂದೇ ವೃತ್ತಿಯ ಬಂಧುಗಳಾಗಿದ್ದರು. ಮುಂದೆ ದೂರದರ್ಶನವು ಇದನ್ನು ಕೈಗೆತ್ತಿಕೊಂಡಿತು. ಗಾಯಕ ಮತ್ತು ನಟ ಡೀನ್ ಮಾರ್ಟಿನ್ ಅವರು 1973ರಲ್ಲಿ ತಮ್ಮ ಕಾರ್ಯಕ್ರಮದಲ್ಲಿ ಇದಕ್ಕೆ ಸ್ಥಾನ ಕೊಟ್ಟರು. ಆಗ ಕ್ಯಾಲಿಫೋರ್ನಿಯದ ಗವರ್ನರರಾಗಿದ್ದ ರೊನಾಲ್ಡ್ ರೇಗನ್ ಅವರೂ ಆ ಆಸನದಲ್ಲಿ ಕುಳಿತರು. 1974ರಿಂದ 1984ರವರೆಗೆ ಎನ್‌ಬಿಸಿ ಸಂಸ್ಥೆಯು ಈ ಕೂಟಗಳನ್ನೇ ವಿಶೇಷ ಕಾರ್ಯಕ್ರಮಗಳನ್ನಾಗಿ ಪ್ರಸಾರಮಾಡಿತು. 1998ರಲ್ಲಿ ಕಾಮಿಡಿ ಸೆಂಟ್ರಲ್ ಎಂಬ ವಾಹಿನಿಯು ಫ್ರಯರ್ಸ್ ಕೂಟವನ್ನು ಪ್ರಸಾರಮಾಡತೊಡಗಿ, 2003ರಿಂದ ತನ್ನದೇ ಆದ ಕೂಟಗಳನ್ನು ಏರ್ಪಡಿಸಿತು.

ಬಾಗಿಲು ತೆರೆದಾಗ ಪದ್ಧತಿಯ ಹೊರರೂಪ ಉಳಿಯಿತು, ಒಳಗಿನ ಸಂಬಂಧ ಬದಲಾಯಿತು. ಮೂವತ್ತು ವರ್ಷ ಜೊತೆಗೆ ದುಡಿದ ಗೆಳೆಯನು ಆಡಿದ ಚುಚ್ಚುಮಾತಿನ ಹಿಂದೆ ಮೂವತ್ತು ವರ್ಷಗಳ ಒಡನಾಟವಿರುತ್ತದೆ. ಆ ಒಡನಾಟವೇ ಮಾತಿನ ವಿಷವನ್ನು ತೆಗೆಯುತ್ತದೆ. ಸಂಭಾವನೆ ಪಡೆದು ಬಂದ ಅಪರಿಚಿತನು, ಬೇರೊಬ್ಬರು ಬರೆದುಕೊಟ್ಟ ಅದೇ ಮಾತನ್ನು ಆಡಿದಾಗ ಅದರ ಹಿಂದೆ ಏನಿರುತ್ತದೆ? ಮಾತು ಒಂದೇ ಆದರೂ ಅದರ ಹಿಂದಿನ ಬಾಳು ಬೇರೆ. ಪರನಿಂದೆಯ ಹಾಸ್ಯಕ್ಕೆ ಹೆಸರಾದ ಡಾನ್ ರಿಕಲ್ಸ್ (1926–2017) ಅವರು 1985ರಲ್ಲಿ, ರೇಗನ್ ಅವರು ಎರಡನೆಯ ಬಾರಿ ಅಧ್ಯಕ್ಷರಾದ ಸಂದರ್ಭದ ಸಮಾರಂಭದಲ್ಲಿ, ಅಧ್ಯಕ್ಷರ ಎದುರಿನಲ್ಲಿಯೇ ಅವರನ್ನು ಗೇಲಿಮಾಡಿದರು. ತಮ್ಮ ಪ್ರದರ್ಶನದ ಕೊನೆಗೆ ಹಾಸ್ಯವನ್ನು ಬದಿಗಿಟ್ಟು ಸೌಹಾರ್ದದ ನಾಲ್ಕು ಮಾತುಗಳನ್ನಾಡುವುದು ಅವರ ರೂಢಿಯಾಗಿತ್ತು. ಸುಟ್ಟಲ್ಲಿ ಬೆಣ್ಣೆ ಹಚ್ಚಬೇಕೆಂಬ ವಿವೇಕ ಅವರಲ್ಲಿತ್ತು.

ಇಂಗ್ಲಿಷ್ ಭಾಷೆಯನ್ನೇ ಆಡುವ ಬ್ರಿಟಿಷರಲ್ಲಿ ಈ ಪದ್ಧತಿ ಬೇರೂರಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. 2010ರಲ್ಲಿ ಅಲ್ಲಿಯ ಚಾನೆಲ್ 4 ವಾಹಿನಿಯು ಬ್ರೂಸ್ ಫೋರ್ಸೈತ್ ಮೊದಲಾದ ಖ್ಯಾತನಾಮರನ್ನು ಕುಳ್ಳಿರಿಸಿ ಇಂಥ ಕೂಟಗಳನ್ನು ನಡೆಸಿತು. ಅವು ಹೆಚ್ಚು ಕಾಲ ನಿಲ್ಲಲಿಲ್ಲ. ಬ್ರಿಟಿಷರು ಗೇಲಿಯನ್ನರಿಯದವರೆಂದು ಇದರ ಅರ್ಥವಲ್ಲ. ರಾಜಮನೆತನದವರನ್ನೂ ಮಂತ್ರಿಗಳನ್ನೂ ಬೊಂಬೆಗಳನ್ನಾಗಿ ಮಾಡಿ ನಗಿಸಿದ ‘ಸ್ಪಿಟ್ಟಿಂಗ್ ಇಮೇಜ್’ ಕಾರ್ಯಕ್ರಮವು 1984ರಿಂದ 1996ರವರೆಗೆ ಅಲ್ಲಿ ನಡೆಯಿತು. ಗೆಳೆಯರನ್ನು ಚುಚ್ಚುವುದು ಅವರಿಗೆ ದಿನನಿತ್ಯದ ಮಾತುಗಾರಿಕೆಯಾದುದರಿಂದ ಅದಕ್ಕೊಂದು ಪ್ರತ್ಯೇಕ ಉತ್ಸವ ಬೇಕಾಗಲಿಲ್ಲವೆಂದು ನಮಗೆ ತೋರುತ್ತದೆ. ಕೋಟ್ಯಂತರ ಜನರ ಸ್ವಭಾವವನ್ನು ಒಂದು ಸೂತ್ರದಲ್ಲಿ ಹಿಡಿಯಲಾಗದು. ಆದರೂ ಎರಡೂ ದೇಶಗಳನ್ನು ಬಲ್ಲ ಆಂಗ್ಲ ಹಾಸ್ಯಗಾರ ರಿಕಿ ಜರ್ವೇಸ್ ಅವರು 2011ರಲ್ಲಿ ‘ಟೈಮ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ಇಲ್ಲಿ ನೆನಪಿಗೆ ಬರುತ್ತದೆ. ಅಮೆರಿಕನ್ನರು ತಮ್ಮ ಆಸೆ ಆಕಾಂಕ್ಷೆಗಳನ್ನು ಮುಚ್ಚಿಡುವುದಿಲ್ಲ, ಗೆದ್ದವರನ್ನು ಮನಸಾರೆ ಮೆಚ್ಚುತ್ತಾರೆ. ಬ್ರಿಟಿಷರು ತಮ್ಮ ಗೆಲುವಿನ ಬಗೆಗೆ ಸಂಕೋಚಪಡುತ್ತಾರೆ, ತಮ್ಮನ್ನು ತಾವೇ ಮೊದಲು ಹೀಗಳೆದುಕೊಳ್ಳುತ್ತಾರೆ ಎಂಬುದು ಅವರ ಅಭಿಪ್ರಾಯದ ಸಾರ.

ಅವರೇ ಸಹಲೇಖಕರಾಗಿ ನಿರ್ಮಿಸಿ 2001ರಲ್ಲಿ ಬಿಬಿಸಿ ಪ್ರಸಾರಮಾಡಿದ ‘ದಿ ಆಫೀಸ್’ ಎಂಬ ಧಾರಾವಾಹಿಯ ಕಥಾನಾಯಕ, ತಾನು ಎಲ್ಲರ ಪ್ರೀತಿಗೆ ಪಾತ್ರನೆಂದು ಭ್ರಮಿಸಿದ ಒಬ್ಬ ಅಲ್ಪ ಅಧಿಕಾರಿ. ಅವನ ಭ್ರಮೆಯನ್ನು ಕಥೆಯು ಕರುಣೆಯಿಲ್ಲದೆ ತೋರಿಸುತ್ತದೆ. 2005ರಲ್ಲಿ ಅಮೆರಿಕದ ರೂಪಾಂತರವು ಬಹುಮಟ್ಟಿಗೆ ಅದೇ ಸಂಭಾಷಣೆಯಿಂದ ಆರಂಭವಾಯಿತು. ಆದರೆ ಎರಡನೆಯ ವರ್ಷದಿಂದ ನಾಯಕನನ್ನು ಹೆಚ್ಚು ಮೃದುಹೃದಯಿಯನ್ನಾಗಿ ತಿದ್ದಿದರು. ಅದೇ ಜರ್ವೇಸ್ ಅವರು 2011ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭವನ್ನು ನಿರ್ವಹಿಸುತ್ತ ಹಾಲಿವುಡ್ ತಾರೆಯರನ್ನು ಗೇಲಿಮಾಡಿದಾಗ, ರೋಸ್ಟನ್ನು ಕಂಡುಹಿಡಿದ ದೇಶದವರೇ ಅದು ಅತಿಯಾಯಿತೆಂದು ದೂರಿದರು. ಮೇಲ್ನೋಟಕ್ಕೆ ಇದು ವಿಚಿತ್ರವೆನಿಸಬಹುದು. ಆದರೆ ರೋಸ್ಟಿಗೆ ಬಂದವರು ಹುರಿಸಿಕೊಳ್ಳಲು ಒಪ್ಪಿ ಬಂದವರು. ಪ್ರಶಸ್ತಿಗೆ ಬಂದವರು ಹಾಗೆ ಒಪ್ಪಿರಲಿಲ್ಲ. ಅಮೆರಿಕನ್ನರ ಪದ್ಧತಿಯಲ್ಲಿ ನಿಂದೆಗೊಂದು ಅಂಗಳವಿದೆ, ಅಂಗಳಕ್ಕೊಂದು ಬೇಲಿಯಿದೆ. ಬ್ರಿಟಿಷರ ಗೇಲಿಗೆ ಬೇಲಿಯಿಲ್ಲ. ಅವರಲ್ಲಿ ಅದನ್ನು ತಡೆಯಬೇಕಾದದ್ದು ಆಡುವವನ ಅಂತರಂಗದ ಅಳತೆ ಮಾತ್ರ.

ಎರಡರಲ್ಲಿಯೂ ಗುಣವಿದೆ, ಎರಡರಲ್ಲಿಯೂ ದೋಷವಿದೆ. ತನ್ನನ್ನು ತಾನೇ ನಕ್ಕುಕೊಳ್ಳುವವನಲ್ಲಿ ಅಹಂಕಾರ ಬೆಳೆಯುವುದು ಕಷ್ಟ. ಆದರೆ ಬೇಲಿಯಿಲ್ಲದ ಗೇಲಿಯಲ್ಲಿ ನೊಂದವನು ನೊಂದೆನೆಂದು ಹೇಳಲಾರ. ಹೇಳಿದರೆ ಅವನಿಗೆ ಹಾಸ್ಯಪ್ರಜ್ಞೆಯಿಲ್ಲವೆಂಬ ಎರಡನೆಯ ನಿಂದೆ ಬರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಪ್ಪಿಗೆಯಿದೆ, ಕಾಲಮಿತಿಯಿದೆ. ಆದರೆ ಬೇಲಿಯೊಳಗೆ ಏನಾದರೂ ನಡೆಯಬಹುದೆಂಬ ಭಾವನೆಯೂ, ಅದನ್ನು ಮಾರಾಟಕ್ಕಿಡುವ ಪ್ರವೃತ್ತಿಯೂ ಅಲ್ಲಿ ಸೇರಿಕೊಂಡಿವೆ.

ಒಪ್ಪಿ ಕುಳಿತವನನ್ನು ಗೇಲಿಮಾಡಿದರೆ ಹಿಂಸೆ ಎಲ್ಲಿಯದು ಎಂದು ಕೇಳಬಹುದು. ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಮನುಷ್ಯನು ಒಪ್ಪಿಗೆಯನ್ನು ತನಗಾಗಿ ಮಾತ್ರ ಕೊಡಬಲ್ಲನು. 1993ರಲ್ಲಿ ನಟಿ ವೂಪಿ ಗೋಲ್ಡ್‌ಬರ್ಗ್ ಅವರ ಗೌರವಾರ್ಥ ನಡೆದ ಫ್ರಯರ್ಸ್ ಕೂಟದಲ್ಲಿ, ಅವರ ಆಪ್ತ ನಟ ಟೆಡ್ ಡ್ಯಾನ್ಸನ್ ಅವರು ಮುಖಕ್ಕೆ ಕಪ್ಪು ಬಳಿದುಕೊಂಡು ಬಂದು ವರ್ಣಸಂಬಂಧವಾದ ಹೀನ ವಿನೋದಗಳನ್ನಾಡಿದರು. ಗೋಲ್ಡ್‌ಬರ್ಗ್ ಅವರು ಅದಕ್ಕೆ ಒಪ್ಪಿದ್ದರು, ಬರೆಯಲು ನೆರವನ್ನೂ ನೀಡಿದ್ದರು. ಆದರೆ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ನೀಗ್ರೋ ಜನರನ್ನು ಅಣಕಿಸಿದ ರಂಗಪರಂಪರೆ ಅಲ್ಲಿ ಗುಲಾಮಗಿರಿಯ ಕಾಲದಷ್ಟು ಹಳೆಯದು. ಆ ಅವಮಾನ ಒಬ್ಬರ ಸ್ವತ್ತಲ್ಲವಾದುದರಿಂದ ಅದನ್ನು ಮನ್ನಿಸುವ ಅಧಿಕಾರವೂ ಒಬ್ಬರಿಗಿರಲಿಲ್ಲ. ಸಭೆಯಲ್ಲಿದ್ದ ದೂರದರ್ಶನ ನಿರೂಪಕ ಮಾಂಟೆಲ್ ವಿಲಿಯಮ್ಸ್ ಅವರು ಎದ್ದು ಹೊರನಡೆದು, ಸಂಘದ ಸದಸ್ಯತ್ವಕ್ಕೂ ರಾಜೀನಾಮೆಯಿತ್ತರು.

2015ರಲ್ಲಿ ಗಾಯಕ ಜಸ್ಟಿನ್ ಬೀಬರ್ ಅವರ ಕೂಟದಲ್ಲಿ, 2013ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದ ನಟ ಪಾಲ್ ವಾಕರ್ ಅವರ ಮರಣವನ್ನು ಕುರಿತು ಆಡಿದ ಮಾತುಗಳನ್ನು ವಾಹಿನಿಯು ಪ್ರಸಾರದಿಂದ ತೆಗೆದುಹಾಕಿತು. ಮೃತನಿಗೆ ಒಪ್ಪಿಗೆಯೂ ಇಲ್ಲ, ಪ್ರತ್ಯುತ್ತರವೂ ಇಲ್ಲ. 2024ರ ಮೇ 5ರಂದು ಅಮೆರಿಕನ್ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿ ಅವರ ಕೂಟವನ್ನು ನೆಟ್‌ಫ್ಲಿಕ್ಸ್ ಸಂಸ್ಥೆ ನೇರವಾಗಿ ಪ್ರಸಾರಮಾಡಿತು. ಅವರ ಮುರಿದ ದಾಂಪತ್ಯವೇ ಅನೇಕ ವಿನೋದಗಳ ವಸ್ತುವಾಯಿತು. ತಮ್ಮನ್ನು ಗೇಲಿಮಾಡಿದ್ದು ತಮಗೆ ಹಿಡಿಸಿತೆಂದೂ, ಆದರೆ ಅದು ತಮ್ಮ ಮಕ್ಕಳನ್ನು ತಟ್ಟಿದ ರೀತಿ ಹಿಡಿಸಲಿಲ್ಲವೆಂದೂ, ಇಂಥದನ್ನು ಇನ್ನೊಮ್ಮೆ ಮಾಡಲಾರೆನೆಂದೂ ಅವರು ಕೆಲವೇ ದಿನಗಳಲ್ಲಿ ಹೇಳಿದರು. ಆಟದ ಕಣದಲ್ಲಿ ಎಷ್ಟೋ ಪೆಟ್ಟುಗಳನ್ನು ತಾಳಿಕೊಂಡ ಮಲ್ಲನಿಗೂ, ತನ್ನ ಪಾಲಿನ ಪೆಟ್ಟು ಮಕ್ಕಳಿಗೆ ಬಿದ್ದುದನ್ನು ತಾಳಲಾಗಲಿಲ್ಲ. ಈ ಪದ್ಧತಿಯ ನೈತಿಕ ಮಿತಿ ಯಾವುದೆಂಬುದನ್ನು ಆ ತಂದೆಯ ಪಶ್ಚಾತ್ತಾಪವೇ ಹೇಳುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಆಸನದಲ್ಲಿ ಕೂರುವವರು ಕೆಲವು ವಿಷಯಗಳನ್ನು ಮುಟ್ಟಬಾರದೆಂದು ಮೊದಲೇ ಹೇಳುವುದುಂಟು. 2011ರಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಕುಳ್ಳಿರಿಸಿದಾಗ, ಅವರ ಕೂದಲು ಮೊದಲಾದವುಗಳ ಬಗೆಗೆ ಏನನ್ನಾದರೂ ಆಡಬಹುದಾಗಿದ್ದು, ಅವರು ಹೇಳಿಕೊಳ್ಳುವಷ್ಟು ಸಿರಿವಂತರಲ್ಲವೆಂದು ಮಾತ್ರ ಆಡಬಾರದೆಂಬ ಸೂಚನೆಯಿತ್ತೆಂದು ಆ ಕೂಟದಲ್ಲಿ ಭಾಗವಹಿಸಿದವರು ಮುಂದೆ ಹೇಳಿದ್ದಾರೆ. ಒಬ್ಬರ ಟೀಕೆಗಾಗಿ ಇದನ್ನು ಹೇಳುತ್ತಿಲ್ಲ. ಯಾವುದನ್ನು ಕುರಿತು ನಗಬಾರದೆಂದು ನಾವು ಬೇಲಿ ಹಾಕುತ್ತೇವೆಯೋ ಅಲ್ಲಿಯೇ ನಮ್ಮ ‘ನಾನು’ ಅಡಗಿ ಕುಳಿತಿರುತ್ತದೆ. ಆ ಬೇಲಿಯೊಳಗೆ ಕೆಲವರು ಸಂಪತ್ತನ್ನು ಇಡುತ್ತಾರೆ, ಕೆಲವರು ಪಾಂಡಿತ್ಯವನ್ನು ಇಡುತ್ತಾರೆ; ಕಾವಿ ತೊಟ್ಟ ನಮ್ಮಂಥವರು ಬಹುಶಃ ತಮ್ಮ ವಿರಕ್ತಿಯನ್ನೇ ಇಟ್ಟಿರಬಹುದು.

ನಗೆಯನ್ನು ಪಾಶ್ಚಾತ್ಯ ದಾರ್ಶನಿಕರೂ ವಿಚಾರಿಸಿದ್ದಾರೆ. ಪರರ ಕುಂದನ್ನು ಕಂಡು ತನ್ನ ಮೇಲ್ಮೆಯು ತಟ್ಟನೆ ಹೊಳೆದಾಗ ನಗೆ ಹುಟ್ಟುತ್ತದೆಂದು 17ನೆಯ ಶತಮಾನದ ಹಾಬ್ಸ್ ಬಗೆದನು. ನಗಬೇಕಾದರೆ ಹೃದಯವು ಕ್ಷಣಕಾಲ ಮರಗಟ್ಟಬೇಕಾಗುತ್ತದೆಂದು 1900ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬರ್ಗ್‌ಸನ್ ಸೂಚಿಸಿದನು. ನಮ್ಮ ಭರತಮುನಿಯು ಹಾಸವನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ ನಡುವಣ ಎರಡನ್ನು ಮಧ್ಯಮರಿಗೂ ಕಡೆಯ ಎರಡನ್ನು ಅಧಮರಿಗೂ ಹೇಳಿದನು. ನಾಟ್ಯಕ್ಕಾಗಿ ಮಾಡಿದ ಈ ವಿಂಗಡಣೆಯಲ್ಲಿ ನಮಗೆ ದೊರೆಯುವ ಬೆಳಕೆಂದರೆ, ನಗೆಯು ನಗುವವನ ಅಂತಸ್ಥಿತಿಯನ್ನು ಹೊರಗೆಡಹುತ್ತದೆ ಎಂಬುದು. ರೋಸ್ಟಿನಲ್ಲಿ ಪರೀಕ್ಷೆಗೆ ಒಳಗಾಗುವವನು ಆಸನದಲ್ಲಿ ಕುಳಿತವನೊಬ್ಬನೇ ಅಲ್ಲ. ಮನೆಯಲ್ಲಿ ಕುಳಿತು ನೋಡಿ ನಗುವ ಲಕ್ಷಾಂತರ ಜನರೂ ಅದಕ್ಕೆ ಒಳಗಾಗುತ್ತಾರೆ.

ಸಭೆಯ ನಡುವೆ ನಿಷ್ಠುರವಾಗಿ ನುಡಿಯುವುದು ಶರಣರಿಗೂ ಹೊಸದಾಗಿರಲಿಲ್ಲ. ಶೂನ್ಯಸಂಪಾದನೆಯು ನಿರೂಪಿಸುವಂತೆ, ಮಹಾದೇವಿಯಕ್ಕ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುದೇವರು ತುಂಬಿದ ಅನುಭವಗೋಷ್ಠಿಯಲ್ಲಿ ಆಕೆಯನ್ನು ಕಟುವಾದ ಪ್ರಶ್ನೆಗಳಿಂದ ಒರೆಗೆ ಹಚ್ಚಿದರು. ಅದು ವಿನೋದವಲ್ಲ, ಆದ್ದರಿಂದ ಇವೆರಡನ್ನು ಸಮೀಕರಿಸಲಾಗದು. ಆದರೆ ಅಲ್ಲಿ ಕಟುನುಡಿಯ ಗುರಿ ಯಾವುದಾಗಿತ್ತೆಂಬುದನ್ನು ನೋಡಬೇಕು. ಆಕೆಯ ನಿಲುವಿನ ಎತ್ತರ ಸಭೆಗೆ ಕಾಣಲೆಂಬುದೇ ಆ ಪ್ರಶ್ನೆಗಳ ಉದ್ದೇಶ. ಗೋಷ್ಠಿ ಮುಗಿದಾಗ ಅಕ್ಕ ಎಲ್ಲರಿಗೂ ಪೂಜ್ಯಳಾದಳು. ನುಡಿಯು ನಿಂತ ಮೇಲೆ ಆ ವ್ಯಕ್ತಿ ಸಭೆಯ ಕಣ್ಣಿನಲ್ಲಿ ದೊಡ್ಡವನಾಗಿ ಕಂಡನೇ, ಚಿಕ್ಕವನಾಗಿ ಕಂಡನೇ ಎಂಬ ಪ್ರಶ್ನೆಯನ್ನು ಯಾವ ದೇಶದ ಪರಿಹಾಸಕ್ಕಾದರೂ ಕೇಳಬಹುದು.

ಇಂದು ನಮ್ಮ ಅನೇಕ ಯುವಕ ಯುವತಿಯರು ಆ ಎರಡೂ ದೇಶಗಳಲ್ಲಿ ಉದ್ಯೋಗದಲ್ಲಿದ್ದಾರೆ. ಕಚೇರಿಯ ವಿದಾಯಕೂಟದಲ್ಲಿ ಸಹೋದ್ಯೋಗಿಗಳು ಅವರನ್ನು ಗೇಲಿಮಾಡಿದರೆ, ಅದು ತಮ್ಮವರೆಂದು ಒಪ್ಪಿಕೊಂಡ ಗುರುತೂ ಆಗಿರಬಹುದೆಂಬುದನ್ನು ಅವರು ತಿಳಿಯಬೇಕು, ನಕ್ಕು ಸ್ವೀಕರಿಸಬೇಕು. ಆದರೆ ತಾವು ಆಡುವ ಸರದಿ ಬಂದಾಗ, ಆ ವ್ಯಕ್ತಿಯ ಮಗುವೊಂದು ಮೊದಲನೆಯ ಸಾಲಿನಲ್ಲಿ ಕುಳಿತು ಕೇಳುತ್ತಿದೆಯೆಂದು ಭಾವಿಸಿಕೊಳ್ಳಲಿ. ಆ ಮಗುವೂ ನಗಬಹುದಾದ ಮಾತಾದರೆ ಆಡಲಿ. ಅದು ತಲೆತಗ್ಗಿಸುವಂಥ ಮಾತಾದರೆ, ಸಭೆಯೆಲ್ಲ ನಗುವುದಾದರೂ, ಅದನ್ನು ನಾಲಗೆಯಲ್ಲಿಯೇ ತಡೆದುಕೊಳ್ಳಲಿ.