ಮುಳ್ಳಿಲ್ಲದ ಮೀನು

ಸುಲಭವಾಗಿ ಮಾಡಿದ ಅಡುಗೆಯಲ್ಲಿ ಪ್ರೀತಿ ಕಡಿಮೆಯೆ? ತತ್ತ್ವಶಾಸ್ತ್ರದ ಗ್ರಂಥಗಳಲ್ಲಿ ಈ ಪ್ರಶ್ನೆಗೆ ಸ್ಥಾನವುಂಟೋ ಇಲ್ಲವೋ, ನನಗಂತೂ ಇದು ಎದುರಾದದ್ದು ಅಡುಗೆಮನೆಯಲ್ಲಿ, ಒಂದು ತಗಡಿನ ಡಬ್ಬಿಯ ಮುಂದೆ. ಮೀನು ತಿನ್ನದ ಓದುಗರು ಮನ್ನಿಸಬೇಕು. ಮಾತು ಮೀನಿನಿಂದ ಮೊದಲಾದರೂ ಅಲ್ಲಿಗೇ ನಿಲ್ಲುವುದಿಲ್ಲ.

ನಾನು ಕರಾವಳಿಯವನು. ಹೊಟ್ಟೆಪಾಡಿಗೆ ಮೈಸೂರಿಗೆ ಬಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು. ಕಳೆದ ಮಳೆಗಾಲದಲ್ಲಿ ಅಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿ ಇದ್ದಳು. ನನ್ನ ಹೆಂಡತಿ ತನ್ನ ಬ್ಯಾಂಕಿನ ಕೆಲಸದ ಮೇಲೆ ಪರಊರಿಗೆ ಹೋಗಿದ್ದಳು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಪಡುಗಡಲಿನಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯುವಂತಿಲ್ಲ. ಆ ದಿನಗಳಲ್ಲಿ ಹಸಿ ಮೀನಿಗೆ ಬೆಲೆ ಹೆಚ್ಚು, ಅದರ ಮೇಲೆ ನಂಬಿಕೆ ಕಡಿಮೆ. ಅಮ್ಮನಾದರೋ ನಾಲ್ಕು ದಿನ ನನ್ನ ಸಾರು-ಪಲ್ಯಗಳನ್ನು ಸಹಿಸಿ, ಬಾಯಿಬಿಟ್ಟು ಏನೂ ಹೇಳದೆ, ದಿನಕ್ಕೊಂದು ತುತ್ತು ಕಡಿಮೆ ಮಾಡುತ್ತ ಬಂದಿದ್ದಳು. ಐದನೆಯ ದಿನ ಕಾಲೇಜಿನಿಂದ ಬರುವಾಗ ಅಂಗಡಿಯಲ್ಲಿ ಬೂತಾಯಿ ಮೀನಿನ ಡಬ್ಬಿಯೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡೆ.

ಅದರ ಅಡುಗೆ ಕಾಲು ಗಂಟೆಯ ಕೆಲಸ. ತೆಂಗಿನೆಣ್ಣೆ ಕಾಯಿಸಿ ಬೆಳ್ಳುಳ್ಳಿ, ಶುಂಠಿ, ಕರಿಬೇವು, ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಬೇಕು. ಬ್ಯಾಡಗಿ ಮೆಣಸಿನ ಪುಡಿ, ಕೊತ್ತಂಬರಿ ಪುಡಿ, ಅರಸಿನ ಸೇರಿಸಿ, ಹುಣಸೆಹುಳಿಯ ನೀರು ಹೊಯ್ದು ಚೆನ್ನಾಗಿ ಕುದಿಸಬೇಕು. ಮೀನು ಕೊನೆಗೆ. ಅದು ಡಬ್ಬಿಯೊಳಗೇ ಬೆಂದಿರುವುದರಿಂದ ಮೂರು ನಾಲ್ಕು ನಿಮಿಷ ಸಾಕು. ಸೌಟು ಆಡಿಸಿದರೆ ಪುಡಿಯಾಗುತ್ತದೆ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಬೇಕು. ಉಪ್ಪನ್ನು ನೋಡಿ ಹಾಕಬೇಕು, ಡಬ್ಬಿಯವರು ಆಗಲೇ ಹಾಕಿರುತ್ತಾರೆ. ಇಷ್ಟು ಮಾಡಿ, ಕುಚ್ಚಲಕ್ಕಿ ಗಂಜಿಯ ಜೊತೆಗೆ ಬಡಿಸಿದೆ.

"ಏನು ಮೀನು?" ಎಂದಳು ಅಮ್ಮ.

"ಬೂತಾಯಿ" ಎಂದೆ.

ಸುಳ್ಳಲ್ಲ. ಆದರೆ ಧರ್ಮರಾಯ ಅಶ್ವತ್ಥಾಮನ ಹೆಸರನ್ನು ಗಟ್ಟಿಯಾಗಿ ಹೇಳಿ ಆನೆಯೆಂಬುದನ್ನು ಮೆಲ್ಲಗೆ ನುಂಗಿದನಲ್ಲ, ಹಾಗೆ ನಾನು ಡಬ್ಬಿಯನ್ನು ನುಂಗಿದೆ. ಖಾಲಿ ಡಬ್ಬಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತಳ್ಳಿದ್ದೂ ಆಗಿತ್ತು. ಕೊಲ್ಲಲು ಬಂದವನಿಗೂ ಸುಳ್ಳು ಹೇಳಕೂಡದೆಂದು ಜರ್ಮನಿಯ ಕಾಂಟ್ ಮಹಾಶಯ 1797ರಲ್ಲಿ ವಾದಿಸಿದ. ನನ್ನ ಎದುರಿಗಿದ್ದವಳು ಕೊಲೆಗಾರನಲ್ಲ, ಹೆತ್ತ ತಾಯಿ. ಹಾಗಾದರೆ ನಾನು ಅಂಜಿದ್ದು ಯಾವುದಕ್ಕೆ? ನನ್ನ ಪ್ರೀತಿಯನ್ನು ಅವಳು ಕಾಲು ಗಂಟೆಯ ತಕ್ಕಡಿಯಲ್ಲಿ ತೂಗಿಯಾಳು ಎಂಬ ಅಂಜಿಕೆ ಅದು.

ಅಮ್ಮ ಎರಡು ತುತ್ತು ಉಂಡಳು. ಬೆರಳುಗಳು ಮೀನಿನ ಬೆನ್ನಿನ ಮೇಲೆ ಅಭ್ಯಾಸದಂತೆ ಹರಿದವು. ಹುಡುಕಿ, ಮತ್ತೆ ಹುಡುಕಿ, ನಿಂತವು.

"ಇದರ ಮುಳ್ಳು ಎಲ್ಲಿ ಮಾರಾಯ?"

ನಾನು ಸಿಕ್ಕಿಬಿದ್ದಿದ್ದೆ. ಮೀನನ್ನು ಡಬ್ಬಿಯಲ್ಲಿಟ್ಟು, ಬಾಯಿ ಮುಚ್ಚಿ ಬೆಸೆದು, ಒತ್ತಡದ ಹಬೆಯಲ್ಲಿ ಕುದಿಯುವ ನೀರಿಗಿಂತ ಹೆಚ್ಚಿನ ಬಿಸಿಯಲ್ಲಿ ಬೇಯಿಸುತ್ತಾರೆ. ಕೆಡಿಸುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ. ಜೊತೆಗೆ ಮುಳ್ಳೂ ಮೆತ್ತಗಾಗಿ ಮಾಂಸದಲ್ಲಿ ಬೆರೆತುಹೋಗುತ್ತದೆ. ಕಣ್ಣನ್ನು ವಂಚಿಸಬಹುದಿತ್ತು, ನಾಲಗೆಯನ್ನೂ ಹುಳಿ-ಮೆಣಸಿನಿಂದ ವಂಚಿಸಬಹುದಿತ್ತು. ಐವತ್ತು ವರ್ಷ ಮಕ್ಕಳಿಗೂ ಮೊಮ್ಮಕ್ಕಳಿಗೂ ಮುಳ್ಳು ಬಿಡಿಸಿಕೊಟ್ಟ ಬೆರಳನ್ನು ವಂಚಿಸುವುದು ಹೇಗೆ? ಇದ್ದುದನ್ನು ಇದ್ದಂತೆ ಹೇಳಿದೆ.

ಅವಳು ಸಿಟ್ಟಾಗಲಿಲ್ಲ. ಇನ್ನೊಂದು ಮೀನು ಹಾಕಿಸಿಕೊಂಡು, "ಹಾಗಾದರೆ ಇದನ್ನು ತೊಳೆದದ್ದು ಯಾರು?" ಎಂದಳು.

"ಫ್ಯಾಕ್ಟರಿಯಲ್ಲಿ ತೊಳೆಯುತ್ತಾರಮ್ಮ."

"ಫ್ಯಾಕ್ಟರಿಗೆ ಕೈ ಉಂಟಾ? ಹೆಂಗಸರೇ ಅಲ್ಲವಾ ತೊಳೆಯುವುದು?" ಎಂದಳು. ನಮ್ಮ ನೆರೆಮನೆಯವಳೊಬ್ಬಳು ಹಿಂದೆ ಮೀನಿನ ಕಾರ್ಖಾನೆಗೆ ಹೋಗುತ್ತಿದ್ದಳಂತೆ. ದಿನವಿಡೀ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು, ಸಂಜೆ ಬಂದರೆ ಅನ್ನ ಕಲಸಲಿಕ್ಕೂ ಬೆರಳು ಮಡಚುತ್ತಿರಲಿಲ್ಲವಂತೆ. ಆ ನೆರೆಯವಳನ್ನು ನಾನೂ ದಿನವೂ ಕಂಡವನೇ. ಅವಳ ಬೆರಳುಗಳನ್ನು ಕಂಡ ನೆನಪು ಮಾತ್ರ ನನಗಿಲ್ಲ.

ಆ ರಾತ್ರಿ ನಾನು ಹಿಡಿದಿದ್ದ ಪ್ರಶ್ನೆಯೇ ತಪ್ಪೆನಿಸಿತು. ಸುಲಭ ಎಂದು ನಾವು ಕರೆಯುವ ವಸ್ತುವಿನಿಂದ ಶ್ರಮ ಮಾಯವಾಗಿರುವುದಿಲ್ಲ. ನಮ್ಮ ಕಣ್ಣಿನಿಂದ ಮರೆಯಾಗಿರುತ್ತದೆ, ಅಷ್ಟೆ. ವನವಾಸದಲ್ಲಿ ಪಾಂಡವರಿಗೆ ಸೂರ್ಯನಿಂದ ಅಕ್ಷಯಪಾತ್ರೆ ದೊರಕಿತು. ದ್ರೌಪದಿ ಉಣ್ಣುವವರೆಗೆ ಅದರಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ. ಆ ಅನ್ನ ದೇವರ ವರ. ಯಾರ ಬೆನ್ನೂ ಬಾಗಿರಲಿಲ್ಲ. ಡಬ್ಬಿಯ ಮೀನು ವರದಿಂದ ಬಂದದ್ದಲ್ಲ. ಅದರ ಹಿಂದೆ ಬಲೆ ಎಳೆದವನಿದ್ದಾನೆ, ತಲೆ ಮುರಿದು ಹೊಟ್ಟೆ ಬಗೆದವಳಿದ್ದಾಳೆ. ವಿದ್ಯೆಯೂ ಇದೆ: ಆಹಾರವನ್ನು ಮುಚ್ಚಿ ಕುದಿಸಿ ಕಾಪಾಡುವ ಬಗೆಯನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಲೋಕಕ್ಕೆ ತಿಳಿಸಿ ಸರಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಅವನದು ಗಾಜಿನ ಸೀಸೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ದೊರೆಯಿತು. ಅದನ್ನು ತೆರೆಯಲೆಂದೇ ಒಂದು ಉಪಕರಣ ಬರಲು ಮತ್ತೆ ನಾಲ್ಕು ದಶಕ ಬೇಕಾಯಿತು. ಅಲ್ಲಿಯವರೆಗೆ ಉಳಿ-ಸುತ್ತಿಗೆಯೇ ಗತಿ. ಸುಲಭವೆಂಬುದು ಕೂಡ ಸುಲಭವಾಗಿ ಬಂದದ್ದಲ್ಲ.

ಹಾಗೆಂದು, ಹಿಂದಿನ ಕಾಲವೇ ಚೆನ್ನಾಗಿತ್ತು, ಅರೆಯುವ ಕಲ್ಲಿನ ರುಚಿ ಈಗೆಲ್ಲಿ ಎಂದು ನಿಟ್ಟುಸಿರು ಬಿಡುವವರ ಜೊತೆಗೆ ನಾನು ಸೇರಲಾರೆ. ಆ ರುಚಿಯನ್ನು ಹೊಗಳುವವರಲ್ಲಿ ಹೆಚ್ಚಿನವರು ಉಂಡವರೇ ಹೊರತು ಅರೆದವರಲ್ಲ. ನಾನು ಹುಡುಗನಾಗಿದ್ದಾಗ ಮೀನಿನವಳ ಕೂಗು ಕೇಳುತ್ತಲೇ ಅಮ್ಮ ಬುಟ್ಟಿಯ ಮುಂದೆ ಕೂರುತ್ತಿದ್ದಳು. ಆಮೇಲೆ ಮೆಟ್ಟುಕತ್ತಿಯ ಮುಂದೆ, ಆಮೇಲೆ ಅರೆಯುವ ಕಲ್ಲಿನ ಮುಂದೆ, ಆಮೇಲೆ ಹೊಗೆಯ ಮುಂದೆ. ನಾವು ಗಂಡುಮಕ್ಕಳು ಶಾಲೆಯಿಂದ ಬಂದು ತಟ್ಟೆಯ ಮುಂದೆ ಕೂರುತ್ತಿದ್ದೆವು. ಮೀನು ತೊಳೆದವರು ಯಾರು ಎಂದು ನಾವೆಂದಾದರೂ ಕೇಳಿದ್ದುಂಟೆ? ಕಾರ್ಖಾನೆಯ ಹೆಂಗಸನ್ನು ನಾನು ಕಾಣದಿರುವುದಕ್ಕೆ ದೂರವನ್ನು ನೆಪಮಾಡಿ ಹೇಳಬಹುದು. ಅಮ್ಮ ಇದ್ದದ್ದು ಹತ್ತು ಹೆಜ್ಜೆಯಾಚೆ. ನಮ್ಮ ಪಾಲಿಗೆ ಮನೆಯ ಊಟ ಆಗಲೂ ಡಬ್ಬಿಯಿಂದಲೇ ಬರುತ್ತಿತ್ತು; ಆ ಡಬ್ಬಿ ಅಮ್ಮನಾಗಿದ್ದಳು.

ಆದ್ದರಿಂದ ಸುಲಭದ ಅಡುಗೆಯಲ್ಲಿ ಪಾಪವಿಲ್ಲ. ಸಂಜೆ ಏಳಕ್ಕೆ ದಣಿದು ಬರುವ ಹೆಣ್ಣಿಗೆ, ಒಂಟಿಯಾಗಿರುವ ಮುದುಕನಿಗೆ, ಹಾಸ್ಟೆಲಿನ ಹುಡುಗನಿಗೆ ಡಬ್ಬಿ ಉಪಕಾರಿಯೇ. ತಪ್ಪಿರುವುದು ಮರೆವಿನಲ್ಲಿ. ನೆನೆದರೆ ಸಾಕೆ ಎಂದು ನೀವು ಕೇಳಬಹುದು. ಸಾಲದು. ನಾನು ನೆನೆದುಕೊಂಡ ಮಾತ್ರಕ್ಕೆ ಆ ಹೆಂಗಸಿನ ಕೂಲಿ ಒಂದು ರೂಪಾಯಿ ಏರುವುದಿಲ್ಲ, ನೀರಿನ ತಣ್ಪು ತಗ್ಗುವುದಿಲ್ಲ. ಆದರೆ ಆಕೆಯನ್ನು ನೆನೆಯದವನು ಆಕೆಯ ಕೂಲಿಯ ಮಾತು ಬಂದಾಗ ಬೆಲೆ ಏರೀತೆಂದು ಗೊಣಗುತ್ತಾನೆ. ನೆನೆದವನಿಗೆ ಗೊಣಗಲು ನಾಚಿಕೆಯಾದೀತು. ನ್ಯಾಯಕ್ಕೆ ಇದು ತೀರ ಸಣ್ಣ ಬಂಡವಾಳ. ಇದೂ ಇಲ್ಲದೆ ವ್ಯಾಪಾರ ಮೊದಲಾಗುವುದು ಹೇಗೆಂದು ನನಗೆ ತಿಳಿಯದು. ಮನೆಯೊಳಗಿನ ಮಾತಾದರೆ ನೆಪಕ್ಕೆ ಎಡೆಯೇ ಇಲ್ಲ. ಅಲ್ಲಿ ನೆನೆದವನು ಎದ್ದು ಕೈ ಒದ್ದೆ ಮಾಡಿಕೊಳ್ಳಬೇಕು.

ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದವು. ಒಂದು ಭಾನುವಾರ ಹಸಿ ಬೂತಾಯಿ ತಂದು ನಾನೇ ತೊಳೆಯಲು ಕುಳಿತೆ. ಅಮ್ಮ ಬಾಗಿಲ ಬಳಿ ಕುಳಿತು, ತಲೆ ಹೀಗೆ ಮುರಿ, ಹೊಟ್ಟೆ ಹಾಗೆ ಬಗೆ ಎಂದು ಹೇಳಿಕೊಟ್ಟಳು. ಒಂದು ಕಿಲೋ ಮೀನಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಬೆರಳು ಕೊಯ್ದುಕೊಂಡವು. ಊರಿಂದ ಬಂದಿದ್ದ ಹೆಂಡತಿ ನಗುತ್ತ ಮಸಾಲೆ ಅರೆದಳು, ಮಿಕ್ಸಿಯಲ್ಲಿ. ಊಟಕ್ಕೆ ಕುಳಿತಾಗ, ಅಮ್ಮನಿಗೆ ಕಣ್ಣು ಇನ್ನೂ ಸರಿಯಾಗಿ ನಿಲುಕದೆಂದು, ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕಿದೆ. ಅವಳು ಏನೂ ಹೇಳದೆ ಉಂಡಳು. ಎದ್ದ ಮೇಲೆ ನೋಡಿದರೆ, ನಾನು ಕಾಣದೆ ಬಿಟ್ಟಿದ್ದ ನಾಲ್ಕು ಮುಳ್ಳುಗಳು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇದ್ದವು.

ಕಪಾಟಿನಲ್ಲಿ ಈಗಲೂ ಎರಡು ಡಬ್ಬಿಗಳಿವೆ. ಬೇಕಾದ ದಿನ ತೆರೆಯುತ್ತೇವೆ. ಡಬ್ಬಿಯದೆಂದು ಹೇಳಿಯೇ ಬಡಿಸುತ್ತೇನೆ.