ಆಗೇ ಇಲ್ಲದ ಮದುವೆ

"ನಿಮಗೆ ವಿಷಯ ಗೊತ್ತಾಗಿದ್ದು ಯಾವತ್ತು?"

ವಕೀಲರು ಕೇಳಿದ ಮೊದಲ ಪ್ರಶ್ನೆ ಇದು. ಮದುವೆಯಾದ ಹನ್ನೊಂದನೇ ದಿನ ಅಂದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು. "ಆಮೇಲೆ ಎಷ್ಟು ದಿನ ಒಟ್ಟಿಗೆ ಇದ್ರಿ?" ಎಂಟು ತಿಂಗಳು ಅಂದೆ. ಅವರು ಕನ್ನಡಕ ತೆಗೆದು ಫೈಲಿನ ಮೇಲಿಟ್ಟರು. "ಇನ್ನೊಂದ್ಸಲ ಯೋಚನೆ ಮಾಡಿ ಹೇಳಿ. ಗೊತ್ತಾಗಿದ್ದು ಏಪ್ರಿಲ್‌ನಲ್ಲೋ, ಡಿಸೆಂಬರ್‌ನಲ್ಲೋ? ಡಿಸೆಂಬರ್ ಆದ್ರೆ ಏನಾದ್ರೂ ಮಾಡಬಹುದು."

ಸುಳ್ಳು ಹೇಳಿ ಅಂತ ಅವರು ಅನ್ನಲಿಲ್ಲ. ನೆನಪು ಮಾಡಿಕೊಳ್ಳಿ ಅಂದರು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ನಮ್ಮ ಸೋದರಮಾವ ಮೊಣಕೈಯಿಂದ ತಿವಿದು, "ಡಿಸೆಂಬರ್ರೇ ಇರ್ಬೇಕು ಸಾರ್, ಇವನಿಗೆ ಚಿಕ್ಕೋನಿಂದ್ಲೂ ತಾರೀಖು ನೆನಪಿರಲ್ಲ" ಅಂದರು. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನು ಇಬ್ಬರೂ ಹೌದು ಅಂತಲೇ ತಿಳಿದುಕೊಂಡರು. ನಾನೂ ಹಾಗೆ ತಿಳಿಯಲಿ ಅಂತಲೇ ಸುಮ್ಮನಿದ್ದೆನೇನೋ.

ಮದುವೆ ಆಗಿದ್ದು 2016ರ ಏಪ್ರಿಲ್‌ನಲ್ಲಿ. ಹನ್ನೊಂದನೇ ದಿನ ರಾತ್ರಿ, ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಪಾತ್ರೆಗಳ ಡಬ್ಬಿ ಇನ್ನೂ ಬಿಚ್ಚುತ್ತಿದ್ದಾಗ ಅವಳು ಹೇಳಿದಳು. ಅವಳಿಗೆ ಬೇರೊಬ್ಬರ ಮೇಲೆ ಮನಸ್ಸಿತ್ತು, ಜಾತಿ ಬೇರೆ, ಮನೆಯಲ್ಲಿ ದೊಡ್ಡ ಗಲಾಟೆಯಾಗಿ ಅವರಮ್ಮ ವಿಷದ ಬಾಟಲಿ ಹಿಡಿದು ಕೂತಿದ್ದರಂತೆ. "ನಿಮಗೆ ಹೇಳಿದೀವಿ, ಅವರು ಒಪ್ಪಿದಾರೆ ಅಂತ ನಮ್ಮಪ್ಪ ಅಂದಿದ್ರು. ಮೊನ್ನೆ ನಿಮ್ಮ ಮಾತಿನಲ್ಲಿ ಗೊತ್ತಾಯ್ತು, ಯಾರೂ ಹೇಳಿಲ್ಲ ಅಂತ. ಅದಕ್ಕೇ ಹೇಳ್ತಿದೀನಿ."

ಆಮೇಲಿನ ಎಂಟು ತಿಂಗಳು ನಾವು ಪ್ರಯತ್ನ ಮಾಡಿದೆವು. ಇದನ್ನು ಒತ್ತಿ ಹೇಳಬೇಕು, ಯಾಕಂದ್ರೆ ಕೇಸು ಅಂದ ತಕ್ಷಣ ಜನ ಜಗಳ, ಹೊಡೆದಾಟ ಅಂದುಕೊಳ್ಳುತ್ತಾರೆ. ಅಂಥದ್ದೇನೂ ಇರಲಿಲ್ಲ. ಅವಳಿಗೆ ಡೆಂಗಿ ಬಂದಾಗ ನಾನು ಹತ್ತು ದಿನ ರಜೆ ಹಾಕಿದೆ. ಅಪ್ಪನ ಕಣ್ಣಿನ ಪೊರೆ ಆಪರೇಷನ್ ಆದಾಗ ಅವಳು ಆಸ್ಪತ್ರೆಯಲ್ಲಿ ಕೂತು, ಮೂರು ಹೊತ್ತು ಡ್ರಾಪ್ಸ್ ಹಾಕಿದಳು. ಒಂದೇ ಮನೆಯಲ್ಲಿ ಇಬ್ಬರು ಒಳ್ಳೆಯ ಬಾಡಿಗೆದಾರರ ಹಾಗಿದ್ದೆವು. ಡಿಸೆಂಬರ್‌ನಲ್ಲಿ ಅವಳು ಪಿಜಿಗೆ ಹೋದಳು. ಅವಳ ಸೂಟ್‌ಕೇಸನ್ನು ಆಟೋಕ್ಕೆ ಇಟ್ಟಿದ್ದು ನಾನೇ.

ಈಗ ಕಾನೂನಿನ ವಿಷಯ. ನಮ್ಮಲ್ಲಿ ಬಹಳ ಜನಕ್ಕೆ ಡೈವೋರ್ಸ್ ಒಂದೇ ಗೊತ್ತು. ಮದುವೆಯನ್ನು ಅಸಿಂಧು ಅಂತ ಘೋಷಿಸುವುದು ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ 11ನೇ ಸೆಕ್ಷನ್ ಇದೆ. ಗಂಡನಿಗೋ ಹೆಂಡತಿಗೋ ಆಗಲೇ ಮದುವೆಯಾಗಿ ಆ ಸಂಗಾತಿ ಬದುಕಿದ್ದರೆ, ಅಥವಾ ಇಬ್ಬರೂ ನಿಷಿದ್ಧ ಸಂಬಂಧದವರಾಗಿದ್ದರೆ ಆ ಮದುವೆ ಮೊದಲಿನಿಂದಲೇ ಶೂನ್ಯ. 12ನೇ ಸೆಕ್ಷನ್ ಸ್ವಲ್ಪ ಸೂಕ್ಷ್ಮ. ಅಲ್ಲಿ ಮದುವೆ ಸಿಂಧುವಾಗಿಯೇ ಇರುತ್ತದೆ, ಆದರೆ ಒಬ್ಬರು ಹೋಗಿ ಕೇಳಿದರೆ ಕೋರ್ಟ್ ಅದನ್ನು ರದ್ದು ಮಾಡಬಹುದು. ನಪುಂಸಕತ್ವದಿಂದ ಸಂಬಂಧ ನಡೆದೇ ಇಲ್ಲದಿದ್ದರೆ, ಮದುವೆ ಹೊತ್ತಿಗೆ ಹುಡುಗಿ ಬೇರೊಬ್ಬನಿಂದ ಗರ್ಭಿಣಿಯಾಗಿದ್ದರೆ, ಬಲವಂತದಿಂದ ಒಪ್ಪಿಗೆ ಪಡೆದಿದ್ದರೆ, ಅಥವಾ ಮುಖ್ಯ ವಿಷಯ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದಿದ್ದರೆ. ನಮ್ಮ ವಕೀಲರು ಹಿಡಿದದ್ದು ಈ ಕೊನೆಯದನ್ನು. ಹಳೇ ಪ್ರೀತಿ ಮುಚ್ಚಿಟ್ಟದ್ದು ಕಾನೂನಿನ ಲೆಕ್ಕದಲ್ಲಿ ಮೋಸವೇ ಅನ್ನುವುದನ್ನು ವಾದ ಮಾಡಬೇಕು, ಗೆದ್ದೇ ಗೆಲ್ಲುತ್ತೀವಿ ಅಂತಿಲ್ಲ ಅಂತಲೂ ಹೇಳಿದ್ದರು.

ತಾರೀಖಿನ ತೊಡಕು ಬಂದದ್ದು ಇಲ್ಲಿ. ಮೋಸ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮತ್ತು ಗೊತ್ತಾದ ಮೇಲೂ ಮನಸಾರೆ ಗಂಡ ಹೆಂಡತಿಯಾಗಿ ಬಾಳಿದ್ದರೆ ಅರ್ಜಿ ನಿಲ್ಲುವುದಿಲ್ಲ. ಗೊತ್ತಿದ್ದೂ ಬಾಳಿದೆ ಅಂದ್ರೆ ಒಪ್ಪಿಕೊಂಡೆ ಅಂತ. ನ್ಯಾಯವಾದ ಮಾತೇ. ಹಾಗಾಗಿ ನನ್ನ ಮದುವೆ 'ಆಗೇ ಇಲ್ಲ' ಅನ್ನಿಸಿಕೊಳ್ಳಬೇಕಾದರೆ, ಏಪ್ರಿಲ್‌ನ ಆ ರಾತ್ರಿ ಆಗಿರಬಾರದು.

ಮನೆಯಲ್ಲಿ ಎಲ್ಲರಿಗೂ ಇದೇ ಬೇಕಾಗಿತ್ತು. ಅವ್ವನಿಗೆ ಡೈವೋರ್ಸ್ ಅನ್ನುವ ಪದವೇ ಬಾಯಿಗೆ ಬರುತ್ತಿರಲಿಲ್ಲ. "ಇದಾದ್ರೆ ಮೊದಲ್ನೇ ಸಂಬಂಧ ಅಂತ್ಲೇ ಹೇಳ್ಬೋದಲ್ಲಪ್ಪ" ಅಂತ ಎಷ್ಟೋ ತಿಂಗಳ ಮೇಲೆ ಮುಖ ಅರಳಿಸಿ ಹೇಳಿದಳು. ತಂಗಿಗೆ ಗಂಡು ನೋಡುತ್ತಿದ್ದರು, ಅದೂ ಒಂದು ಲೆಕ್ಕ. (ಮ್ಯಾಟ್ರಿಮೋನಿ ಸೈಟುಗಳಲ್ಲಿ ಅವಿವಾಹಿತ, ವಿಚ್ಛೇದಿತದ ಜೊತೆ ಮದುವೆ ರದ್ದಾದವರು ಅಂತಲೇ ಒಂದು ಬೇರೆ ಆಯ್ಕೆ ಇರುವುದನ್ನು ಆಮೇಲೆ ನೋಡಿದೆ. ಅಳಿಸಿಹಾಕಿದ್ದಕ್ಕೂ ಒಂದು ಕಾಲಂ ಮಾಡಿಟ್ಟಿದ್ದಾರೆ.)

ಹತ್ತು ದಿನದಲ್ಲಿ ಅರ್ಜಿಯ ಡ್ರಾಫ್ಟ್ ಬಂತು. ಅದರಲ್ಲಿ ಡಿಸೆಂಬರ್ ಅಂತಲೇ ಇತ್ತು. ಸಹಿ ಹಾಕಿ, ಪ್ರಮಾಣಪತ್ರ ಮಾಡಿಸಿದರೆ ಮುಗಿಯಿತು. ನಾನು ಅದನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟುಕೊಂಡು ಒಂಬತ್ತು ದಿನ ಆಫೀಸಿಗೆ ಓಡಾಡಿದೆ. ಒಳ್ಳೆಯವನು ಅಂತ ತೋರಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆ ಒಂಬತ್ತು ದಿನದಲ್ಲಿ ಐದಾರು ದಿನ ಸಹಿ ಹಾಕಿಬಿಡೋಣ ಅಂತಲೇ ಇದ್ದೆ. ಒಂದೇ ಒಂದು ತಿಂಗಳ ಹೆಸರು, ಯಾರಿಗೆ ನಷ್ಟ?

ನಮ್ಮ ಕೆಲಸದಲ್ಲಿ ತಪ್ಪು ಕೋಡ್ ಹೋಗಿಬಿಟ್ಟರೆ ಸರಿ ಮಾಡಲು ಎರಡು ದಾರಿ ಇವೆ. ಗಿಟ್ ಬಳಸುವವರಿಗೆ ಗೊತ್ತು. ರಿವರ್ಟ್ ಮಾಡಿದರೆ ತಪ್ಪು ನಡೆದದ್ದೂ ಅದನ್ನು ಹಿಂತೆಗೆದದ್ದೂ ಎರಡೂ ಇತಿಹಾಸದಲ್ಲಿ ಉಳಿಯುತ್ತವೆ. ಇನ್ನೊಂದು, ಇತಿಹಾಸವನ್ನೇ ತಿದ್ದಿ ಫೋರ್ಸ್ ಪುಷ್ ಮಾಡುವುದು. ಆಗ ಆ ಕಮಿಟ್ ಇರಲೇ ಇಲ್ಲ. ನೋಡಲು ಎಷ್ಟು ಚೊಕ್ಕ! ಆದರೆ ಹಂಚಿಕೊಂಡ ಬ್ರಾಂಚಿನಲ್ಲಿ ಹೀಗೆ ಮಾಡಿದವನಿಗೆ ಇಡೀ ಟೀಮು ಬೈಯುತ್ತದೆ, ಯಾಕಂದ್ರೆ ಅದರ ಕಾಪಿ ಬೇರೆಯವರ ಹತ್ತಿರ ಇರುತ್ತದೆ. ನೀನು ಅಳಿಸಿದ್ದು ನಿನ್ನದೊಂದೇ ಆಗಿರುವುದಿಲ್ಲ.

ಎಂಟು ತಿಂಗಳ ಇನ್ನೊಂದು ಕಾಪಿ ಇದ್ದವಳಿಗೆ ಕೊನೆಗೂ ಫೋನ್ ಮಾಡಿದೆ. ಅವಳಿಗೂ ಇದರಿಂದ ಅನುಕೂಲ ಇದೆ ಅನ್ನುವುದು ನನ್ನ ವಾದ. ವಿಚ್ಛೇದಿತೆ ಅನ್ನಿಸಿಕೊಳ್ಳುವ ಕಷ್ಟ ಗಂಡಸಿಗಿಂತ ಹೆಂಗಸಿಗೆ ನೂರು ಪಟ್ಟು, ಅದು ಎಲ್ಲರಿಗೂ ಗೊತ್ತು. ಅವಳು ಪೂರ್ತಿ ಕೇಳಿಸಿಕೊಂಡಳು. "ಮೋಸ ಅಂತ ಬರೀತಾರಾ?" ಅಂದಳು. ನಿಮ್ಮಪ್ಪ ಮುಚ್ಚಿಟ್ಟದ್ದಕ್ಕೆ ಆ ಪದ, ನಿನಗಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅಲ್ಲಿ ನನ್ನ ಹೆಸರೇ ಇರುತ್ತೆ. ಇರಲಿ. ಆದ್ರೆ ನಾನು ನಿಮಗೆ ಹೇಳಿದ್ದೆ. ನನ್ನ ಜೀವನದಲ್ಲಿ ಅಷ್ಟು ಹೆದರಿಕೊಂಡು ಯಾರಿಗೂ ಏನೂ ಹೇಳಿಲ್ಲ. ಅದನ್ನೂ ಇಲ್ಲ ಅಂತೀರಾ?"

ನಾನು ಆ ತಾರೀಖನ್ನು ನನ್ನದು ಅಂದುಕೊಂಡಿದ್ದೆ, ನನಗೆ ಗೊತ್ತಾದ ದಿನ ಅಂತ. ಅದು ಅವಳು ಹೇಳಿದ ದಿನ. ಎರಡು ಮನೆಯ ಹಿರಿಯರು, ಮದುವೆ ಮಾತುಕತೆಗೆ ಓಡಾಡಿದ ನೆಂಟರು ಎಲ್ಲರೂ ಸೇರಿ ಕಟ್ಟಿದ ಸುಳ್ಳಿನಲ್ಲಿ ಒಬ್ಬಳು ನಿಜ ಹೇಳಿದ ದಿನ. ಅರ್ಜಿ ನಿಲ್ಲಬೇಕಾದರೆ ಹೋಗಬೇಕಾದದ್ದು ಸರಿಯಾಗಿ ಅದೊಂದೇ.

ಶಕುಂತಲೆಯ ಕತೆಯನ್ನು ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇವೆ: ದುರ್ವಾಸರ ಶಾಪ, ಉಂಗುರ, ಮೀನು. ಅದು ಕಾಳಿದಾಸನ ಕತೆ. ಮಹಾಭಾರತದ ಆದಿಪರ್ವದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲಾ ನೆನಪಿದೆ. ತುಂಬಿದ ಸಭೆಯಲ್ಲಿ, ಮಗನ ಕೈ ಹಿಡಿದು ನಿಂತ ಹೆಂಡತಿಗೆ ನೀನು ಯಾರೋ ಗೊತ್ತಿಲ್ಲ ಅನ್ನುತ್ತಾನೆ. ಅಶರೀರವಾಣಿ ಸಾಕ್ಷಿ ಹೇಳಿದ ಮೇಲೆ, ನನಗೂ ಗೊತ್ತಿತ್ತು, ಆದರೆ ನಿನ್ನ ಮಾತನ್ನಷ್ಟೇ ನಂಬಿ ಒಪ್ಪಿಕೊಂಡಿದ್ದರೆ ಜನ ಸಂಶಯ ಪಡುತ್ತಿದ್ದರು ಅಂತ ಸಮಜಾಯಿಷಿ ಕೊಡುತ್ತಾನೆ. ಜನ ಏನಂತಾರೆ ಅನ್ನುವುದು ಆಗಲೂ ಇತ್ತು ನೋಡಿ. ಕಾಳಿದಾಸ ಆ ರಾಜನಿಗೆ ನಿಜವಾದ ಮರೆವು ದಯಪಾಲಿಸಿ ಮರ್ಯಾದೆ ಉಳಿಸಿದ. ನಮ್ಮ ವಕೀಲರು ನನಗೆ ಕೊಡಲು ಬಂದದ್ದೂ ಅಂಥದ್ದೇ ಒಂದು ಶಾಪ. ನನಗೆ ನೆನಪಿತ್ತು, ಅದೇ ತೊಂದರೆ.

ಮದುವೆ ಅಸಿಂಧು ಮಾಡಿಸಿಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮೊದಲ ಹೆಂಡತಿ ಇರುವುದನ್ನು ಮುಚ್ಚಿಟ್ಟವನಿಗೆ ಕೊರಳೊಡ್ಡಿದ ಹುಡುಗಿ, ತಾಳಿ ಕಟ್ಟುವಾಗ ಅಣ್ಣಂದಿರು ಅಕ್ಕಪಕ್ಕ ಕಾವಲು ನಿಂತಿದ್ದ ಹುಡುಗಿ, ಇದು ನನ್ನ ಮದುವೆಯೇ ಅಲ್ಲ ಅಂದರೆ ಅದು ಸತ್ಯ. ಅಂಥವಳಿಗೆ ಡೈವೋರ್ಸ್ ತಗೋ ಅನ್ನುವುದೇ ಅವಮಾನ. ಕಾನೂನೂ ಕಣ್ಣು ಮುಚ್ಚಿ ಎಲ್ಲವನ್ನೂ ಅಳಿಸುವುದಿಲ್ಲ. ಮದುವೆ ಶೂನ್ಯ ಅಂತಾದರೂ ಅದರಲ್ಲಿ ಹುಟ್ಟಿದ ಮಕ್ಕಳು ಕಾನೂನುಬದ್ಧ ಮಕ್ಕಳೇ ಅಂತ 16ನೇ ಸೆಕ್ಷನ್ ಹೇಳುತ್ತದೆ. ನನ್ನ ಪ್ರಶ್ನೆ ಸಣ್ಣದು. ಆದದ್ದನ್ನು, ಗೊತ್ತಿದ್ದು, ಒಪ್ಪಿ, ಎಂಟು ತಿಂಗಳು ನಡೆಸಿದ್ದನ್ನು ಆಗಿಲ್ಲ ಅನ್ನಬಹುದಾ?

ನಮ್ಮಜ್ಜಿ, ಅಂದ್ರೆ ಅಪ್ಪನ ಅಮ್ಮ, ಕೂಡಿಕೆಯಾಗಿ ಬಂದವಳು. ಬೆಂಗಳೂರಿನಲ್ಲಿ ಹುಟ್ಟಿದವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಗಂಡ ಸತ್ತವರು, ಗಂಡನನ್ನು ಬಿಟ್ಟವರು ಮತ್ತೆ ಸಂಸಾರ ಕಟ್ಟಿಕೊಳ್ಳಲು ನಮ್ಮ ಕಡೆ ಹಲವು ಜಾತಿಗಳಲ್ಲಿದ್ದ ಪದ್ಧತಿ ಅದು. ಚಪ್ಪರ, ಓಲಗ ಇಲ್ಲದೆ, ಸಂಜೆ ಹೊತ್ತು ಸೀರೆ ಕೊಟ್ಟು ನಾಲ್ಕು ಜನರ ಮುಂದೆ ಮುಗಿಸುತ್ತಿದ್ದರು. ಅಜ್ಜಿಯನ್ನು ಮೊದಲ ಗಂಡನಿಂದ ಬಿಡಿಸಿದ್ದು ಊರ ಪಂಚಾಯ್ತಿ. ರೂಢಿಯ ಪ್ರಕಾರ ನಡೆಯುವ ಇಂಥ ಬಿಡುಗಡೆಯನ್ನು 1955ರ ಕಾಯ್ದೆಯೂ 29ನೇ ಸೆಕ್ಷನ್‌ನಲ್ಲಿ ಹಾಗೇ ಉಳಿಸಿದೆ. ಅಜ್ಜಿ ಸೊಪ್ಪು ಬಿಡಿಸುತ್ತಾ, "ನಮ್ಮ್ ಮೊದಲ್ನೇ ಮನೇಲಿ ಒಂದು ಕೊಂಡದಂಥ ಬಾವಿ ಇತ್ತು" ಅಂತ ಶುರು ಮಾಡುತ್ತಿದ್ದಳು, ತಾತ ಪಕ್ಕದಲ್ಲೇ ಬೀಡಿ ಸೇದುತ್ತಾ ಕೂತಿರುತ್ತಿದ್ದ. ಹಳ್ಳಿ ದೊಡ್ಡದು ಅಂತ ಹೊಗಳಲು ಇದನ್ನು ಹೇಳುತ್ತಿಲ್ಲ. ಕೂಡಿಕೆಯವಳು ಅಂತ ಅವಳನ್ನು ಒಂದು ಮದುವೆಯಲ್ಲೂ ಆರತಿ ಎತ್ತಲು ಕರೆದದ್ದು ನಾನು ನೋಡಿಲ್ಲ. ಅವಳು ಹಿಂದೆ, ಕಂಬದ ಹತ್ತಿರ ನಿಲ್ಲುತ್ತಿದ್ದಳು. ಆದರೆ ಆ ಬಾವಿ ಇರಲಿಲ್ಲ ಅಂತ ಹೇಳು ಅಂತ ಅವಳಿಗೆ ಯಾರೂ ಹೇಳಲಿಲ್ಲ.

ಕೊನೆಗೆ ಹೋಗಿದ್ದು 13ಬಿ ಸೆಕ್ಷನ್‌ಗೆ, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ. ಒಂದು ವರ್ಷ ಬೇರೆ ಇರಬೇಕು, ಇದ್ದೆವು. 2018ರ ಜನವರಿಯಲ್ಲಿ ಅರ್ಜಿ ಹಾಕಿದ ಮೇಲೆ ಮತ್ತೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, ಆದರೆ ಅದಕ್ಕೆ ಒಂದೂವರೆ ವರ್ಷ ಬೇರೆ ಇದ್ದಿರಬೇಕಿತ್ತು, ನಮ್ಮದು ಆಗಿರಲಿಲ್ಲ. ಕಾದೆವು. ಆ ಅರ್ಜಿಯಲ್ಲಿ ಬರೆಯಬೇಕಾದ್ದು ಇಷ್ಟೇ: ಬೇರೆ ಬೇರೆ ಇದ್ದೇವೆ, ಒಟ್ಟಿಗೆ ಬಾಳಲು ಆಗಲಿಲ್ಲ, ಇಬ್ಬರೂ ಒಪ್ಪಿದ್ದೇವೆ. ಯಾರನ್ನೂ ಕಳ್ಳರು ಮಾಡಬೇಕಿಲ್ಲ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೊನೆಯ ದಿನ ನ್ಯಾಯಾಧೀಶರು ಕೇಳಿದ್ದು ನಾಲ್ಕೈದು ಪ್ರಶ್ನೆ. ಯಾರದ್ದೂ ಬಲವಂತ ಇಲ್ಲವಲ್ಲ ಅಂತ ಅವಳನ್ನು ಕೇಳಿದಾಗ ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ಕಲ್ಯಾಣಮಂಟಪದಲ್ಲಿ ಆರುನೂರು ಜನ ಇದ್ದರು, ಒಬ್ಬರೂ ಇದನ್ನು ಕೇಳಿರಲಿಲ್ಲ.

ಅವ್ವ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. "ನಿನ್ ಸತ್ಯ ನೀನೇ ಇಟ್ಕೊ" ಅಂದಳು. ಒಂದು ರೀತಿಯಲ್ಲಿ ಅವಳ ಮಾತು ಸರಿ. ನಾನು ಸತ್ಯಕ್ಕೋಸ್ಕರ ಹಾಗೆ ಮಾಡಿದೆನೋ, ಸತ್ಯವಂತ ಅಂತ ನನ್ನ ಕಣ್ಣಿಗೆ ನಾನು ಕಾಣಲೋ, ಇವತ್ತಿಗೂ ಬಿಡಿಸಿ ಹೇಳಲಾರೆ. ತಂಗಿಯ ಒಂದು ಸಂಬಂಧ ತಪ್ಪಿತು, ಕಾರಣ ನಾನೇ ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆಮೇಲೆ ಅವಳಿಗೆ ಒಳ್ಳೆಯ ಕಡೆ ಆಯಿತು, ಆದರೆ ನಡುವಿನ ಆ ಒಂದು ವರ್ಷವನ್ನು ನಾನು ಅವಳಿಗೆ ವಾಪಸ್ ಕೊಡಲಾರೆ. ನನ್ನ ಪ್ರಾಮಾಣಿಕತೆಯ ಖರ್ಚಿನಲ್ಲಿ ಒಂದು ಪಾಲು ಅವಳು ಕೊಟ್ಟಳು, ಅವಳನ್ನು ನಾನು ಕೇಳಿಯೂ ಇರಲಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಯಾರದೋ ಮದುವೆಗೆ ಹೊರಟಿದ್ದರು. ಹೊರಡುವ ಮುಂಚೆ ಬೀರುವಿನಿಂದ ಮುಯ್ಯಿ ಪುಸ್ತಕ ತೆಗೆದರು. ನನ್ನ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದ್ದರು ಅಂತ ಬರೆದಿಟ್ಟ ಎರಡು ರೂಲಿನ ನೋಟ್‌ಬುಕ್ಕು. ಬೆರಳಿಟ್ಟು ಹುಡುಕಿದರು, ಐನೂರ ಒಂದು, ಒಂದು ಸ್ಟೀಲ್ ಬಿಂದಿಗೆ. ಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರಿಗೆ ಆಗಲೇ ಗೀಟು ಹೊಡೆದಿತ್ತು.

"ಇದಕ್ಕೂ ವಾಪಸ್ ಮಾಡ್ಬೇಕಾ ಅಪ್ಪ?" ಅಂದೆ.

"ಮಾಡ್ದೆ? ಅವ್ರು ಬಂದು ಉಂಡು ಹೋಗಿಲ್ವಾ?" ಅಂದು ಜೇಬಿಗೆ ಕವರ್ ಇಟ್ಟುಕೊಂಡು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟರು.