ಕುಂದನ್ನು ಕಂಡೂ ಪ್ರೀತಿಸುವುದು

2025ರ ಅಕ್ಟೋಬರ್ ಮೊದಲ ವಾರ. ಕುಂದಾಪುರದಲ್ಲಿ ‘ಕಾಂತಾರ: ಚಾಪ್ಟರ್ 1’ ನೋಡಿ ಹೊರಬಂದಾಗ ರಾತ್ರಿ ಬಹಳವಾಗಿತ್ತು. ನಾವು ನಾಲ್ವರು ಗೆಳೆಯರು. ಒಬ್ಬರು ಬೈಂದೂರಿನವರು, ಒಬ್ಬರು ಬ್ರಹ್ಮಾವರದವರು, ಉಳಿದಿಬ್ಬರು ಕುಂದಾಪುರದವರೇ. ಚಹಾದಂಗಡಿಯ ಮುಂದೆ ನಿಂತಿದ್ದಾಗ ಪರಿಚಯದ ರಿಕ್ಷಾ ಚಾಲಕರೊಬ್ಬರು ಕೇಳಿದರು: “ಹ್ವಾಯ್ ಸಾಯ್ಬ್ರೆ, ಪಿಚ್ಚರ್ ಹ್ಯಾಂಗಿತ್ತ್?”

“ಲಾಯ್ಕಿತ್ತ್ ಮರ್ರೆ” ಎಂದೆವು. ಅದು ಸುಳ್ಳಾಗಿರಲಿಲ್ಲ. ಆದರೆ ಪೂರ್ತಿ ಸತ್ಯವೂ ಆಗಿರಲಿಲ್ಲ. ಚಿತ್ರದ ಮಧ್ಯೆ ನಾವು ಎರಡು ಬಾರಿ ಗಡಿಯಾರ ನೋಡಿಕೊಂಡಿದ್ದೆವು. ಆ ಮಾತು ಬಾಯಿಗೆ ಬರಲಿಲ್ಲ. ಯಾಕೆ ಬರಲಿಲ್ಲ? ಪ್ರೀತಿಸುವ ವಸ್ತುವಿನಲ್ಲಿ ಕುಂದು ಕಂಡಾಗ ಅದನ್ನು ಹೇಳುವುದು ದ್ರೋಹವೇ? ಅಥವಾ ಹೇಳದಿರುವುದೇ ದ್ರೋಹವೇ? ಒಂದು ಸಿನಿಮಾದ ವಿಷಯದಲ್ಲಿ ಇಷ್ಟು ದೊಡ್ಡ ಪ್ರಶ್ನೆ ಬೇಕೇ ಎಂದು ಕೇಳಬಹುದು. ಆದರೆ ದೊಡ್ಡ ವಿಷಯಗಳಲ್ಲಿ ನಾವು ಹೇಗೆ ವರ್ತಿಸುತ್ತೇವೆ ಎಂಬುದರ ಅಭ್ಯಾಸ ನಡೆಯುವುದು ಇಂತಹ ಸಣ್ಣ ವಿಷಯಗಳಲ್ಲೇ.

ಮೊದಲ ‘ಕಾಂತಾರ’ ತೆರೆಗೆ ಬಂದದ್ದು 2022ರ ಸೆಪ್ಟೆಂಬರ್ 30ರಂದು. ನಿರ್ದೇಶಿಸಿ ನಟಿಸಿದ ರಿಷಬ್ ಶೆಟ್ಟಿ ಕುಂದಾಪುರ ತಾಲೂಕಿನ ಕೆರಾಡಿಯವರು. ಚಿತ್ರೀಕರಣ ನಡೆದದ್ದೂ ಅದೇ ಊರಿನಲ್ಲಿ. 1847ರಲ್ಲಿ ಅರಸನೊಬ್ಬ ಕಾಡಿನ ಜನರಿಗೆ ಬಿಟ್ಟುಕೊಟ್ಟ ಭೂಮಿ, 1970ರಲ್ಲಿ ಅದನ್ನು ಮರಳಿ ಕೇಳುವ ಅವನ ವಂಶಸ್ಥ, 1990ರಲ್ಲಿ ಅದೇ ಭೂಮಿಗಾಗಿ ಧಣಿ, ಅರಣ್ಯ ಇಲಾಖೆ ಮತ್ತು ಊರವರ ನಡುವಿನ ತಕರಾರು. ಕಥೆ ಇಷ್ಟೇ. ಆದರೆ ಕಂಬಳದ ಕೆಸರು, ಮನೆಯಂಗಳದ ಜಗಳ, ನಮ್ಮ ಬದಿಯ ಬೈಗುಳ, ಎಲ್ಲವೂ ನಾವು ಕಂಡದ್ದೇ, ಕೇಳಿದ್ದೇ. ಗಾಂಧಿನಗರದ ಸಿನಿಮಾಗಳಲ್ಲಿ ಮಂಗಳೂರು ಕನ್ನಡವೆಂದರೆ ನಗಿಸುವ ಭಟ್ಟರ ಮಾತಷ್ಟೇ ಆಗಿದ್ದ ಕಾಲದಿಂದ ಬಂದವರು ನಾವು. ನಮ್ಮ ಕರಾವಳಿಯ ಮಾತು ತಲೆಯೆತ್ತಿ ನಿಂತದ್ದನ್ನು ಕಂಡಾಗ ಆದ ಸಂತೋಷಕ್ಕೆ ಜಾತಿ ಧರ್ಮಗಳಿರಲಿಲ್ಲ. ದೈವಾರಾಧನೆ ನಮ್ಮ ನಂಬಿಕೆಯ ಭಾಗವಲ್ಲ. ಆದರೆ ಆ ಅಂಗಳ, ಆ ಗದ್ದೆ, ಆ ಭೂಮಿಯ ಸಂಕಟ ನೆರೆಹೊರೆಯವರಾದ ನಮ್ಮದೂ ಹೌದು.

ಎರಡನೆಯ ಚಿತ್ರ ಮುಂದಿನ ಕಥೆಯಲ್ಲ, ಶತಮಾನಗಳಷ್ಟು ಹಿಂದಿನ ಮೂಲದ ಕಥೆ. ಕಾಡಿನ ಜನ ಬೆಟ್ಟವಿಳಿದು ಬಂದರಿಗೂ ಅರಮನೆಗೂ ಮುಖಾಮುಖಿಯಾಗುವ ಕಥೆ. ಈ ಸುದ್ದಿ ಕೇಳಿದಾಗ ನಮ್ಮ ಆಸೆ ಬೆಟ್ಟದಷ್ಟಾಗಿತ್ತು. ನಮ್ಮ ಬಾರ್ಕೂರು, ಬಸ್ರೂರು ಒಂದು ಕಾಲದ ದೊಡ್ಡ ಬಂದರುಗಳು. ಹದಿನಾಲ್ಕನೆಯ ಶತಮಾನದಲ್ಲಿ ಈ ತೀರದಲ್ಲಿ ಹಾದುಹೋದ ಇಬ್ನ್ ಬತೂತ ಬಸ್ರೂರನ್ನು ‘ಅಬೂ ಸರೂರ್’ ಎಂದೂ ಬಾರ್ಕೂರನ್ನು ‘ಫಾಕನೂರ್’ ಎಂದೂ ಹೆಸರಿಸಿದ್ದಾನೆ. ಅಲ್ಲಿದ್ದ ಮುಸ್ಲಿಮರನ್ನೂ ನೆನೆದಿದ್ದಾನೆ. ಮೆಣಸಿನ ಮೂಟೆ, ಹಡಗು, ಹಲವು ಭಾಷೆಗಳ ಗದ್ದಲದ ಆ ಬದುಕು ಈಗಲಾದರೂ ತೆರೆಯ ಮೇಲೆ ಬಂದೀತು ಎಂದುಕೊಂಡಿದ್ದೆವು.

ಚಿತ್ರದಲ್ಲಿ ಬಂದರಿದೆ, ಸಾಂಬಾರ ಪದಾರ್ಥಗಳ ವ್ಯಾಪಾರವೂ ಇದೆ. ಆದರೆ ಆ ದಿನನಿತ್ಯದ ಬದುಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಯುದ್ಧ ಶುರುವಾಗುತ್ತದೆ. ಮೊದಲರ್ಧದ ಹಾಸ್ಯ ಕೆಲವೆಡೆ ಬಲವಂತದ್ದು. ಕಂಪ್ಯೂಟರಿನ ಚಮತ್ಕಾರ ಹೆಚ್ಚಾಯಿತು. ಮೊದಲ ಚಿತ್ರದಲ್ಲಿ ಮನುಷ್ಯರು ಎದ್ದು ಕಾಣುತ್ತಿದ್ದರು, ಇಲ್ಲಿ ಗಾತ್ರ ಎದ್ದು ಕಾಣುತ್ತದೆ. ಹಾಗೆಂದು ನಾವು ಎದ್ದು ಬರಲಿಲ್ಲ. ರಥದ ದೃಶ್ಯದಲ್ಲಿ ಉಸಿರು ಬಿಗಿಹಿಡಿದೆವು. ಮೊದಲ ಚಿತ್ರದಲ್ಲಿ ಹೆಣ್ಣಿಗೆ ಸಿಗದ ತೂಕ ರುಕ್ಮಿಣಿ ವಸಂತ್ ಪಾತ್ರಕ್ಕೆ ಸಿಕ್ಕಿದ್ದು ಕಂಡು ಖುಷಿಪಟ್ಟೆವು. ಮತ್ತೊಮ್ಮೆ ನೋಡುತ್ತೀರಾ ಎಂದರೆ ಖಂಡಿತ ನೋಡುತ್ತೇವೆ. ಕುಂದೂ ಕಂಡಿತು, ಪ್ರೀತಿಯೂ ಕಡಿಮೆಯಾಗಲಿಲ್ಲ. ಇದು ಹೇಗೆ?

ಸಾಮಾನ್ಯವಾಗಿ ನಾವು ಎರಡು ತಪ್ಪುಗಳನ್ನು ಮಾಡುತ್ತೇವೆ. ಕುಂದು ಕಂಡ ಕೂಡಲೇ ಪ್ರೀತಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಒಂದು. ಪ್ರೀತಿ ಇದೆ ಎಂಬ ಕಾರಣಕ್ಕೆ ಕುಂದೇ ಇಲ್ಲ ಎಂದು ವಾದಿಸುವುದು ಇನ್ನೊಂದು. ನೋಡಲು ಇವು ವಿರುದ್ಧ ದಿಕ್ಕಿನವು, ಆದರೆ ಬೇರು ಒಂದೇ. ಪ್ರೀತಿಯೆಂದರೆ ಪರೀಕ್ಷೆಯಲ್ಲಿ ಪಾಸಾದವರಿಗೆ ಕೊಡುವ ಬಹುಮಾನ ಎಂದು ಇಬ್ಬರೂ ನಂಬಿದ್ದಾರೆ. ಆದ್ದರಿಂದಲೇ ಒಬ್ಬ ಬಹುಮಾನ ಕಸಿದುಕೊಳ್ಳುತ್ತಾನೆ, ಇನ್ನೊಬ್ಬ ಅಂಕಪಟ್ಟಿ ತಿದ್ದುತ್ತಾನೆ.

ನಮ್ಮ ಊರಿನ ಯಕ್ಷಗಾನ ಪ್ರೇಕ್ಷಕರಿಗೆ ಈ ಗೊಂದಲ ಇಲ್ಲ. ಮಂದಾರ್ತಿ ಅಥವಾ ಮಾರಣಕಟ್ಟೆ ಮೇಳದ ಹರಕೆಯ ಆಟಕ್ಕೆ ಹೋಗಿ ನೋಡಿ. ನಡುರಾತ್ರಿ ಚಹಾಕ್ಕೆ ಎದ್ದುಬಂದವರು ಇವತ್ತು ಭಾಗವತರ ಸ್ವರ ಏರಲಿಲ್ಲ, ಎರಡನೇ ವೇಷದ ಮಾತು ಉದ್ದವಾಯಿತು ಎಂದು ನಿರ್ದಾಕ್ಷಿಣ್ಯವಾಗಿ ಹೇಳುತ್ತಾರೆ. ಹೇಳಿ, ಲೋಟ ಇಟ್ಟು, ಮತ್ತೆ ಹೋಗಿ ಕುಳಿತುಕೊಳ್ಳುತ್ತಾರೆ. ಮರುದಿನ ಇನ್ನೊಂದು ಊರಿನ ಆಟಕ್ಕೂ ಅವರೇ ಹಾಜರು. ಅವರ ಟೀಕೆ ಹೊರಡುವುದು ಪ್ರೀತಿಯಿಂದ, ಆದ್ದರಿಂದಲೇ ಅದು ಅಷ್ಟು ಸೂಕ್ಷ್ಮ. ಪ್ರೀತಿ ಇಲ್ಲದವನಿಗೆ ಸ್ವರ ಏರಿದ್ದೂ ತಿಳಿಯದು, ಇಳಿದದ್ದೂ ತಿಳಿಯದು.

ಪ್ರೀತಿ ಹಟವಾದರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಒಂದು ಉದಾಹರಣೆ ಇದೆ. ಅಮೆರಿಕದ ಜಾರ್ಜ್ ಲ್ಯೂಕಾಸ್ 1977ರಲ್ಲಿ ಆರಂಭಿಸಿದ ‘ಸ್ಟಾರ್ ವಾರ್ಸ್’ ಎಂಬ ಅಂತರಿಕ್ಷ ಸಾಹಸದ ಸರಣಿ ಒಂದು ಇಡೀ ತಲೆಮಾರಿನ ಬಾಲ್ಯವಾಗಿತ್ತು. 1983ರ ಮೂರನೆಯ ಚಿತ್ರದ ನಂತರ ಅಭಿಮಾನಿಗಳು ಹದಿನಾರು ವರ್ಷ ಕಾದರು. 1999ರಲ್ಲಿ ಬಂದ ‘ದಿ ಫ್ಯಾಂಟಮ್ ಮೆನೇಸ್’ ಕೂಡ ‘ಕಾಂತಾರ’ದಂತೆ ಹಿಂದಕ್ಕೆ ಹೋಗಿ ಮೂಲದ ಕಥೆ ಹೇಳಿತು. ಕುಂದುಗಳು ನಿಜಕ್ಕೂ ಇದ್ದವು. ಜಾರ್ ಜಾರ್ ಬಿಂಕ್ಸ್ ಎಂಬ ಹಾಸ್ಯಪಾತ್ರ ಕಪ್ಪು ಜನರನ್ನು ಅಣಕಿಸುವಂತಿದೆ ಎಂಬ ಆಕ್ಷೇಪ ಬಂತು. ಅದು ಕೇಳಬೇಕಾದ ಆಕ್ಷೇಪವೇ. ಆದರೆ ಸಿಟ್ಟು ಅಲ್ಲಿಗೆ ನಿಲ್ಲದೆ ಆ ಪಾತ್ರಕ್ಕೆ ದನಿ ಮತ್ತು ಚಲನೆ ಕೊಟ್ಟ ಕಪ್ಪು ಕಲಾವಿದ ಅಹ್ಮದ್ ಬೆಸ್ಟ್ ಮೇಲೆ ಸುರಿಯಿತು. ಆ ನಿಂದೆಗೆ ನೊಂದು ತಾನು ಜೀವ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದೆ ಎಂದು ಅವರು 2018ರಲ್ಲಿ ಹೇಳಿಕೊಂಡರು. 2023ರಲ್ಲಿ ಅದೇ ಸರಣಿಯ ಟಿವಿ ಕಥೆಯೊಂದರಲ್ಲಿ ಅವರು ವೀರನ ಪಾತ್ರದಲ್ಲಿ ಬಂದಾಗ ಜನ ಪ್ರೀತಿಯಿಂದ ಸ್ವಾಗತಿಸಿದರು. ನಡುವೆ ಕಳೆದುಹೋದ ವರ್ಷಗಳನ್ನು ಹಿಂದಿರುಗಿಸುವವರು ಯಾರು? ಚಿತ್ರವನ್ನು ಅತಿಯಾಗಿ ಪ್ರೀತಿಸುತ್ತೇವೆ ಎಂದುಕೊಂಡವರೇ ಮನುಷ್ಯನೊಬ್ಬನನ್ನು ಅಷ್ಟು ಹಿಂಸಿಸಿದರು.

ಹಾಗಾದರೆ ಎಲ್ಲ ಕುಂದುಗಳನ್ನೂ ಪ್ರೀತಿಯ ಹೆಸರಿನಲ್ಲಿ ಸಹಿಸಿಕೊಳ್ಳಬೇಕೇ? ಇಲ್ಲ. ಇಲ್ಲಿ ಒಂದು ಭೇದ ಮಾಡಲೇಬೇಕು. ಹಾಸ್ಯ ಸಪ್ಪೆಯಾದರೆ, ಯುದ್ಧ ಉದ್ದವಾದರೆ ನಷ್ಟ ನಮ್ಮದು ಮಾತ್ರ, ಟಿಕೆಟಿನ ಹಣ ಮತ್ತು ಮೂರು ಗಂಟೆ. ಅದನ್ನು ಕ್ಷಮಿಸುವ ಹಕ್ಕು ನಮಗಿದೆ. ಆದರೆ ನೋವು ಇನ್ನೊಬ್ಬರದಾದರೆ ಕ್ಷಮಿಸಲು ನಾವು ಯಾರು? ಮೊದಲ ಚಿತ್ರದಲ್ಲಿ ನಾಯಕ ನಾಯಕಿಯ ಸೊಂಟ ಚಿವುಟಿದಾಗ ನಾವು ನಕ್ಕಿದ್ದೆವು. ಮನೆಯ ಹೆಣ್ಣುಮಕ್ಕಳು ನಕ್ಕಿರಲಿಲ್ಲ. ಅದು ಕುಂದು ಎಂದು ಒಪ್ಪಿಕೊಳ್ಳಲು ನಮಗೆ ಬಹಳ ದಿನ ಬೇಕಾಯಿತು. ಎರಡನೆಯ ಚಿತ್ರ ಬಂದಾಗ ಕೆಲವರು ಥಿಯೇಟರುಗಳಲ್ಲಿ ದೈವದ ವೇಷ ಹಾಕಿ ಕುಣಿದರು. ಹಾಗೆ ಮಾಡಬೇಡಿ ಎಂದು ಚಿತ್ರ ನಿರ್ಮಿಸಿದ ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯೇ ವಿನಂತಿಸಬೇಕಾಯಿತು. ಕುಂದಾಪುರ ಸೀಮೆಯಲ್ಲಿ ಪಾಣರು, ತುಳು ಸೀಮೆಯಲ್ಲಿ ನಲಿಕೆ, ಪಂಬದ, ಪರವ ಸಮುದಾಯದವರು ತಲೆಮಾರುಗಳಿಂದ ಕಟ್ಟುಕಟ್ಟಳೆಯೊಂದಿಗೆ ಹೊತ್ತುಬಂದ ಸೇವೆ ಅದು. ಅವರಿಗೆ ನೋವಾಯಿತು ಎಂದರೆ, ನಾವು ಆ ಚಿತ್ರವನ್ನು ಎಷ್ಟು ಪ್ರೀತಿಸುತ್ತೇವೆ ಎಂಬುದು ಅದಕ್ಕೆ ಉತ್ತರವಾಗುವುದಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಮ್ಮ ನಿರಾಶೆಯ ಒಂದು ಪಾಲು ಚಿತ್ರದ್ದಲ್ಲ, ನಮ್ಮದು. 2022ರಲ್ಲಿ ಕೊರೊನಾದ ದಿನಗಳನ್ನು ದಾಟಿ ಬಂದಿದ್ದ ನಾವು ಏನನ್ನೂ ಬೇಡದೆ ಟಾಕೀಸಿಗೆ ಹೋಗಿದ್ದೆವು. ಸಿಕ್ಕಿದ್ದೆಲ್ಲ ಲಾಭವಾಗಿತ್ತು. 2025ರಲ್ಲಿ ಮೂರು ವರ್ಷಗಳ ಸಾಲದ ಚೀಟಿ ಹಿಡಿದುಕೊಂಡು ವಸೂಲಿಗೆ ಹೋದವರಂತೆ ಹೋಗಿ ಕುಳಿತೆವು. ಮೊದಲ ಸಲದ ಬೆರಗು ಎರಡನೆಯ ಸಲ ಬರುವುದಿಲ್ಲ. ಅದನ್ನು ಕೊಡಲಿಲ್ಲ ಎಂದು ಯಾರ ಮೇಲೆ ದಾವೆ ಹೂಡುವುದು?

ಕೊನೆಗೆ ಉಳಿಯುವುದು ಆ ರಾತ್ರಿಯ ನಮ್ಮ ಅರ್ಧ ಸತ್ಯದ ಉತ್ತರ. ಊರಿನ ಹುಡುಗನ ಚಿತ್ರ, ಸೆಟ್ಟಿನಲ್ಲಿ ದುಡಿದವರು, ಗುಂಪಿನಲ್ಲಿ ನಿಂತವರು ಸುತ್ತಮುತ್ತಲ ಊರುಗಳವರೇ. ಅವರ ಮನಸ್ಸು ನೋಯಿಸಬಾರದು ಎಂಬುದು ಒಂದು ಕಾರಣ. ಇನ್ನೊಂದನ್ನು ಹೇಳಲು ಸಂಕೋಚ. ದೈವದ ಕಥೆಯ ಚಿತ್ರವೊಂದನ್ನು ಸಾಯ್ಬರು ಟೀಕಿಸಿದರೆ ಅದು ಸಿನಿಮಾದ ಟೀಕೆಯಾಗಿ ಉಳಿದೀತೇ ಎಂಬ ಅಳುಕು ನಮ್ಮಲ್ಲಿತ್ತು. ಈಗೀಗ ಮಾತಿಗಿಂತ ಮೊದಲು ಮಾತಾಡಿದವನ ಹೆಸರನ್ನು ತೂಗುತ್ತಾರೆ. ಆದರೆ ಈ ಅಳುಕಿನಿಂದ ಆಡಿದ ಹೊಗಳಿಕೆ ಪ್ರೀತಿಯಲ್ಲ, ಬರೀ ಎಚ್ಚರಿಕೆ. ನೆರೆಯವನ ಮನೆಯ ಊಟಕ್ಕೆ ಉಪ್ಪು ಕಡಿಮೆ ಎಂದು ಹೇಳಬಲ್ಲವನು ಮನೆಯವನು. ಎಲ್ಲವೂ ಚೆನ್ನಾಗಿದೆ ಎಂದು ಕೈತೊಳೆದು ಏಳುವವನು ಅತಿಥಿ. ಏಳು ಶತಮಾನಗಳ ಹಿಂದೆ ಫಾಕನೂರಿನಲ್ಲಿ ಮನೆ ಮಾಡಿದ್ದವರ ನಂತರವೂ ನಾವು ಇಲ್ಲಿ ಅತಿಥಿಗಳಂತೆ ಮಾತಾಡಬೇಕೇ?

ಒಂದು ವಾರದ ನಂತರ ಅದೇ ರಿಕ್ಷಾದವರು ಸಿಕ್ಕಿದಾಗ ನಾವೇ ಮಾತು ತೆಗೆದೆವು. ಚಿತ್ರ ಇಷ್ಟವಾಯಿತು, ಆದರೆ ಮೊದಲಿನದರ ಹಾಗಿಲ್ಲ, ನಡುವೆ ಎಳೆದರು, ಗಲಾಟೆ ಹೆಚ್ಚಾಯಿತು ಎಂದೆವು. ಅವರು ನಕ್ಕರು.

“ನಂಗೂ ಹಾಂಗೇ ಕಂಡ್ತ್ ಸಾಯ್ಬ್ರೆ. ನೀವೇ ಲಾಯ್ಕಿತ್ತ್ ಅಂದ್ರಿ, ಮತ್ತ್ ನಾನ್ ಎಂತ ಹೇಳೂದ್?”

ಅವರೂ ನಮ್ಮ ಮುಖ ನೋಡಿ ಸುಮ್ಮನಾಗಿದ್ದರು! ನಂತರ ಚಹಾ ಕುಡಿಯುತ್ತಾ ಅರ್ಧ ಗಂಟೆ ಆ ಚಿತ್ರದ ಕುಂದುಗಳನ್ನು ಒಂದೊಂದಾಗಿ ಎಣಿಸಿದೆವು. ಮುಂದಿನ ಭಾಗ ಬಂದರೆ ಒಟ್ಟಿಗೇ ಹೋಗೋಣ ಎಂದು ಮಾತಾಡಿಕೊಂಡು ಎದ್ದೆವು.